ಬುಗ್ಗಿಗೆ ಪುರಾಣ ಐತಿ, ನೀರಿನ ಲೆಕ್ಕ ಇಲ್ಲ

ನಮ್ಮ ಹಿರೇಕೊಟ್ನೆಕಲ್ ಕಡೆ ಈಗ ಮದಿವಿ ಇರ್ಲಿ, ತೊಟ್ಟಿಲ ಕಾರ್ಯ ಇರ್ಲಿ, ಇಪ್ಪತ್ತು ಲೀಟರಿನ ಕ್ಯಾನು ಸಾಲಾಗಿ ಬಂದು ಕೂಡ್ತಾವು. ಅದಕ್ಕ ಎಲ್ಲಾರೂ ‘ಮಿನರಲ್ ನೀರು’ ಅಂತಾರ. ಖರೇ ಹೇಳ್ಬೇಕಂದ್ರ ಆ ನೀರಾಗಿನ ಮಿನರಲ್ಲೇ ತಗದಿರ್ತಾರ. ಬೋರಿನ ನೀರು ಮಷೀನಿಗೆ ಬಿಟ್ಟು ಅದರಾಗಿನ ಸುಣ್ಣ, ಉಪ್ಪು, ಫ್ಲೋರೈಡ್ ಎಲ್ಲಾ ಸೋಸಿ ಗಟಾರಕ್ಕ ಬಿಡ್ತಾರ, ಉಳಿದ ಸಪ್ಪನ ನೀರು ನಮಗ ಕೊಡ್ತಾರ. ಅಂಗಡ್ಯಾಗಿನ ಬಾಟ್ಲಿ ಮ್ಯಾಲಿನ ಸಣ್ಣ ಅಕ್ಷರ ಓದಿ ನೋಡ್ರಿ, ಬಹಳಷ್ಟು ಬಾಟ್ಲಿಗೆ ‘ಪ್ಯಾಕೇಜ್ಡ್ ಡ್ರಿಂಕಿಂಗ್ ವಾಟರ್’ ಅಂತ ಬರದಿರ್ತಾರ, ಐಎಸ್ 14543 ಅಂತ ನಂಬರ್ ಇರ್ತೈತಿ. ಖರೇ ಮಿನರಲ್ ವಾಟರಿನ ನಂಬರ್ ಬ್ಯಾರೆ, ಐಎಸ್ 13428. ಅದು ನೆಲದಾಗ ಹೆಂಗ ಇರ್ತೈತೋ ಹಂಗ, ಒಳಗಿನ ಖನಿಜದ ಸಮೇತ ತುಂಬಿದ ನೀರು.

ಹಂಗಾದ್ರ ನೆಲದಾಗಿನ ಖನಿಜ ಹೊತ್ಕೊಂಡು, ಯಾರೂ ಮೋಟರ್ ಹಚ್ಚದ ತಾನಾಗೇ ಮ್ಯಾಲ ಬರೋ ನೀರು ನಮ್ಮ ರಾಜ್ಯದಾಗ ಎಲ್ಲೈತಿ? ಕರಾವಳಿ ಕಡೆ, ದಕ್ಷಿಣ ಕನ್ನಡ ಜಿಲ್ಲಾದ ಪುತ್ತೂರು ತಾಲ್ಲೂಕಿನ್ಯಾಗ ಇರ್ದೆ ಅಂತ ಒಂದು ಸಣ್ಣ ಊರೈತಿ. ಸಮುದ್ರ ಅಲ್ಲಿಂದ ಐವತ್ತು ಕಿಲೋಮೀಟರಿನೊಳಗ. ಆ ಊರಾಗ ಸೀರೆ ಹೊಳಿ ದಂಡಿಮ್ಯಾಲ ಬೆಂದ್ರ್ ತೀರ್ಥ ಅಂತ ಬಿಸಿನೀರಿನ ಬುಗ್ಗಿ ಐತಿ. ತುಳು ಮಾತಿನ್ಯಾಗ ಬೆಂದ್ರ್ ಅಂದ್ರ ಬಿಸಿನೀರು. ಅಂದ್ರ ಹೆಸರು ಇಟ್ಟೋರು ಶಾಸ್ತ್ರ ಓದಿದೋರಲ್ಲ, ನೀರಾಗ ಕೈ ಇಟ್ಟು ನೋಡಿದ ಊರ ಜನ. ನೀರಿಗೆ ಗಂಧಕದ ವಾಸನಿ. ಚರ್ಮದ ಖಾಯಿಲೆ ಇದ್ದೋರು ಆ ನೀರು ಮೈಮ್ಯಾಲ ಹಾಕ್ಕೊಂಡ್ರ ಗುಣ ಆಗ್ತೈತಿ ಅಂತ ಜನರ ನಂಬಿಕಿ.

ನಾ ಇವತ್ತು ಹೇಳೋದು ಒಂದೇ ಮಾತು. ಇಂಥ ಊರಿನ ಇತಿಹಾಸ ಅಂದಕೂಡ್ಲೇ ನಾವು ಋಷಿ ತಪಸ್ಸು ಮಾಡಿದ ಕಥಿ ಹೇಳಿ ಮುಗಿಸಿಬಿಡ್ತೀವಿ. ಆ ಕಥಿ ಇರ್ಲಿ, ಅದರ ಬಗ್ಗೆ ನನಗೇನೂ ತಕರಾರಿಲ್ಲ. ಆದ್ರ ಯಾವ ವರ್ಷ ನೀರು ಎಷ್ಟಿತ್ತು, ಬಿಸಿ ಎಷ್ಟಿತ್ತು, ಸುತ್ತಮುತ್ತ ಎಷ್ಟು ಬೋರು ಬಿದ್ದುವು ಅನ್ನೋ ಲೆಕ್ಕ ಬರದಿಡದಿದ್ರ ಬುಗ್ಗಿ ಬತ್ತಿ ಕಥಿ ಅಷ್ಟೇ ಉಳೀತೈತಿ. ಇದು ಇರ್ದೆಗೂ ಖರೆ, ಐನೂರು ಕಿಲೋಮೀಟರ್ ದೂರದ ನಮ್ಮೂರಿಗೂ ಖರೆ.

ಇರ್ದೆ ಊರಿನ ಹಿಂದಿಂದು ಸ್ವಲ್ಪ ಹೇಳ್ತೀನಿ, ಯಾಕಂದ್ರ ನಮ್ಮ ಕಡೆಯೋರಿಗೆ ಆ ಸೀಮಿ ಗೊತ್ತಿರೋದು ಕಡಿಮಿ. ಟಿಪ್ಪು ಸತ್ತ ಮ್ಯಾಲ, 1799ರಾಗ, ಕೆನರಾ ಅಂತ ಕರಿಯೋ ಕರಾವಳಿ ಪೂರಾ ಇಂಗ್ಲಿಷರ ಕೈಗೆ ಹೋತು. ಮುಂದ ಅದನ್ನ ಎರಡು ಪಾಲು ಮಾಡಿ 1862ರಾಗ ಉತ್ತರ ಕೆನರಾ ಮುಂಬೈಗೆ ಕೊಟ್ರು, ದಕ್ಷಿಣ ಕೆನರಾ ಮದ್ರಾಸಿನ್ಯಾಗ ಉಳೀತು. ಹಂಗಾಗಿ ಪುತ್ತೂರು, ಇರ್ದೆ ಎಲ್ಲಾ ಮದ್ರಾಸ್ ಕಡೆ ಇದ್ದುವು. ನಾವು ನಿಜಾಮನ ಹೈದರಾಬಾದ್ ಕಡೆ ಇದ್ವಿ. 1956ರ ನವೆಂಬರ್ 1ಕ್ಕ ಇಬ್ರೂ ಒಂದೇ ರಾಜ್ಯದೋರಾದ್ವಿ. ಅದೇ ದಿನ ಅವರ ಮಗ್ಗಲಿನ ಕಾಸರಗೋಡು ಕೇರಳಕ್ಕ ಹೋತು. ಇರ್ದೆ, ಬೆಟ್ಟಂಪಾಡಿ, ಪಾಣಾಜೆ ಕಡೆ ಇವತ್ತಿಗೂ ಗಡಿ ಹತ್ರೇ ಐತಿ. ತುಳು, ಹವ್ಯಕರ ಕನ್ನಡ, ಮಲಯಾಳ ಎಲ್ಲಾ ಕಿವಿಗೆ ಬೀಳ್ತಾವು. ಅಡಕಿ ತ್ವಾಟ, ಗದ್ದಿ, ಗುಡ್ಡ, ಹೊಳಿ. ಮನಿಗಳು ನಮ್ಮಂಗ ಒಂದಕ್ಕೊಂದು ಅಂಟಿರಂಗಿಲ್ಲ, ಒಂದೊಂದು ತ್ವಾಟದಾಗ ಒಂದೊಂದು ಮನಿ.

ಆ ಕಡೆ ಮಳಿ ಅಂದ್ರ ಮಳಿ. ವರ್ಷಕ್ಕ ಮೂರೂವರೆ ಸಾವಿರ ಮಿಲಿಮೀಟರ್ ಮ್ಯಾಲ ಬೀಳ್ತೈತಿ. ನಮ್ಮ ರಾಯಚೂರಿಗೆ ಬೀಳೋದು ಆರುನೂರರ ಸುತ್ತಮುತ್ತ. ಇಷ್ಟು ಮಳಿ ಬೀಳೋ ಊರಾಗ ನೀರಿನ ಚಿಂತಿ ಯಾಕ ಅಂತ ನೀವು ಕೇಳಬಹುದು. ಆ ನೆಲ ಕೆಂಪು ಮುರಕಲ್ಲಿಂದು, ಇಳಿಜಾರಿಂದು. ಸುರಿದ ಮಳಿ ಬಹಳಷ್ಟು ಹರದು ಸಮುದ್ರ ಸೇರ್ತೈತಿ. ಮಾರ್ಚ್, ಏಪ್ರಿಲ್ ಬಂತಂದ್ರ ಅಡಕಿ ಗಿಡಕ್ಕ ನೀರು ಹಾಯಿಸಲೇಬೇಕು, ಇಲ್ಲಂದ್ರ ವರ್ಷಗಟ್ಟಲೆ ಬೆಳೆಸಿದ ಗಿಡ ಒಣಗಿ ಹೋಗ್ತೈತಿ.

ಅದಕ್ಕ ಆ ಕಡೆ ಜನ ಹಿಂದಿನಿಂದ ಒಂದು ಉಪಾಯ ಮಾಡ್ಕೊಂಡು ಬಂದಾರ, ಸುರಂಗ ಅಂತ. ಗುಡ್ಡದ ಹೊಟ್ಟಿಯೊಳಗ ಒಬ್ಬ ಮನಿಷ ಬಗ್ಗಿ ಹೋಗುವಷ್ಟು ಅಡ್ಡಡ್ಡ ಕೊರದು, ಒಳಗ ಜಿನುಗೋ ನೀರನ್ನ ಕಾಲಿವಿ ಮಾಡಿ ಹೊರಗ ತರ್ತಾರ. ಕರೆಂಟ್ ಬ್ಯಾಡ, ಮೋಟರ್ ಬ್ಯಾಡ. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕ ಹತ್ರ ಅಮೈ ಮಹಾಲಿಂಗ ನಾಯ್ಕ ಅಂತ ಕೂಲಿ ಮಾಡ್ತಿದ್ದ ರೈತರು ಒಬ್ಬರೇ ಗುಡ್ಡ ಕೊರದು ಸುರಂಗ ತೋಡಿದ್ರು. ಐದು ಸುರಂಗದಾಗ ನೀರು ಬರ್ಲಿಲ್ಲ, ಆರನೇದ್ರಾಗ ಬಂತು. ಬೋಳು ಗುಡ್ಡದಾಗ ಅಡಕಿ, ತೆಂಗು ಬೆಳೆದ್ರು. 2022ರಾಗ ಅವರಿಗೆ ಪದ್ಮಶ್ರೀ ಕೊಟ್ರು. ಇನ್ನ ಹೊಳಿ, ತೋಡಿಗೆ ಬ್ಯಾಸಿಗಿಗೆ ಮುಂಚೆ ಕಲ್ಲು ಮಣ್ಣಿನ ಕಟ್ಟ ಕಟ್ಟೋ ರೂಢಿನೂ ಅಲ್ಲಿ ಐತಿ. ಕಟ್ಟದಾಗ ನಿಂತ ನೀರು ಎರಡೂ ದಂಡಿ ಬಾವಿಗೆ ಇಳೀತಿತ್ತು. ಪುತ್ತೂರಿನಿಂದ 1988ರಾಗ ಶುರುವಾದ ‘ಅಡಿಕೆ ಪತ್ರಿಕೆ’ಯ ಶ್ರೀ ಪಡ್ರೆಯವರು ಈ ಸುರಂಗ, ಕಟ್ಟಗಳ ಬಗ್ಗೆ ವರ್ಷಗಟ್ಟಲೆ ಬರದಾರ. ಅದಕ್ಕೇ ಇವತ್ತು ನನ್ನಂಥೋಳಿಗೂ ಇದು ಗೊತ್ತಾಗೈತಿ. ಬರದಿದ್ರ ಹಿಂಗ ಉಳೀತೈತಿ ಅಂತ ಹೇಳಾಕ ಇದೇ ಸಾಕ್ಷಿ.

ಈಗ ಬಿಸಿನೀರು ಹೆಂಗ ಬರ್ತೈತಿ ಅನ್ನೋದು. ಸುತ್ತ ಎಲ್ಲೂ ಜ್ವಾಲಾಮುಖಿ ಇಲ್ಲ. ಮಳಿ ನೀರು ಬಂಡಿಗಲ್ಲಿನ ಬಿರುಕು ಹಿಡ್ಕೊಂಡು ಬಹಳ ಆಳಕ್ಕ ಇಳೀತೈತಿ. ನೆಲದಾಗ ಒಂದು ಕಿಲೋಮೀಟರ್ ಇಳಿದ್ರ ಇಪ್ಪತ್ತೈದು ಮೂವತ್ತು ಡಿಗ್ರಿ ಬಿಸಿ ಏರ್ತೈತಿ. ನಮ್ಮ ಹಟ್ಟಿ ಚಿನ್ನದ ಗಣಿಯೊಳಗ ಇಳಿಯೋರನ್ನ ಕೇಳ್ರಿ, ಆಳದ ಸೆಕಿ ಏನಂತ ಅವರು ಹೇಳ್ತಾರ. ಹಂಗ ಕಾದ ನೀರು ಇನ್ನೊಂದು ಬಿರುಕಿನಿಂದ ಒತ್ತಡಕ್ಕ ಮ್ಯಾಲ ಬರ್ತೈತಿ, ಬರೋ ದಾರ್ಯಾಗ ಕಲ್ಲಿನ್ಯಾಗಿನ ಗಂಧಕ, ಉಪ್ಪು ಕರಗಿಸ್ಕೊಂಡು ಬರ್ತೈತಿ. ಇರ್ದೆಯ ನೀರು ಸುಡುವಷ್ಟು ಬಿಸಿ ಅಲ್ಲ, ಸುಮಾರು ಮೈ ಬಿಸಿಯಷ್ಟು. ಹಿಮಾಚಲದ ಮಣಿಕರಣದಾಗ ಬುಗ್ಗಿ ನೀರಾಗ ಅಕ್ಕಿ ಬೇಯಿಸ್ತಾರ, ಅಷ್ಟು ಕುದೀತೈತಿ.

ಭೂವಿಜ್ಞಾನದ ಸರ್ಕಾರಿ ಇಲಾಖೆಯೋರು 1991ರಾಗ ದೇಶದ ಬಿಸಿನೀರಿನ ಬುಗ್ಗಿಗಳ ದೊಡ್ಡ ನಕಾಶೆ ಪುಸ್ತಕ ತಂದ್ರು, ಅದರಾಗ ಸುಮಾರು 340 ಬುಗ್ಗಿ ಲೆಕ್ಕ ಹಾಕ್ಯಾರ. ಪಡುವಲ ಕರಾವಳಿಯ ಮಹಾರಾಷ್ಟ್ರದ ಕೊಂಕಣದಾಗ ವಜ್ರೇಶ್ವರಿಯಿಂದ ರಾಜಾಪುರದ ತನಕ ಬುಗ್ಗಿಗಳ ಸಾಲೇ ಐತಿ. ಬೆಂದ್ರ್ ತೀರ್ಥಕ್ಕ ‘ದಕ್ಷಿಣ ಭಾರತದಾಗ ಇದೊಂದೇ’ ಅಂತ ಕೆಲವರು ಬರೀತಾರ, ಅದು ಸರಿ ಅಲ್ಲ. ನಮ್ಮ ಮಗ್ಗಲಿನ ತೆಲಂಗಾಣದಾಗ ಭದ್ರಾಚಲಂ ಹತ್ರ ಗುಂಡಾಲದಾಗ ಗೋದಾವರಿ ದಂಡಿಮ್ಯಾಲ ಉಸುಕು ತೋಡಿದ್ರ ಬಿಸಿನೀರು ಬರ್ತೈತಿ. ಇದೊಂದೇ ಅಂತ ಹೇಳಿ ದೊಡ್ಡದು ಮಾಡೋದೇನೂ ಬೇಕಿಲ್ಲ. ಕರ್ನಾಟಕದಾಗ ಇಂಥಾದ್ದು ಅಪರೂಪ, ಅಷ್ಟು ಸಾಕು.

ವಜ್ರೇಶ್ವರಿ ಹೆಸರು ಬಂತು, ಅದರದ್ದೂ ನೋಡ್ರಿ. ಅಲ್ಲಿಯ ಇತಿಹಾಸ ಕೇಳಿದ್ರ ಎಲ್ಲಾರೂ ಹೇಳೋದು ಪೇಶ್ವೆ ಮನೆತನದ ಚಿಮಾಜಿ ಅಪ್ಪನ ಕಥಿ. 1739ರಾಗ ಪೋರ್ಚುಗೀಸರಿಂದ ವಸಾಯಿ ಕೋಟಿ ಗೆದ್ರು, ಹರಕಿ ತೀರಿಸಾಕ ಗುಡಿ ಕಟ್ಟಿಸಿದ್ರು ಅಂತ. ರಾಜರದ್ದು, ದೇವರದ್ದು ಬರದಿಟ್ಟಾರ. ಆ ಬಿಸಿನೀರಾಗ ಅರಿವಿ ಒಗದೋರು, ಕೂಸಿನ ಮೈ ತೊಳದೋರು, ನೀರು ಕಡಿಮಿ ಆತಂತ ಮೊದಲು ಗುರ್ತು ಹಿಡಿದೋರು ಯಾರು ಅಂತ ಯಾರೂ ಬರದಿಲ್ಲ. ನೀರಿರೋ ಊರ್ಯಾಗೆಲ್ಲಾ ಇದೇ ಹಣೆಬರಹ.

ಇರ್ದೆಗೆ ನಾವು ಹೋಗಿದ್ದು ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸ್ಕೊಂಡು ಪುತ್ತೂರಿಗೆ ಬಂದಾಗ. ಮೆಟ್ಟಿಲು ಕಟ್ಟಿದ ಕಲ್ಲಿನ ಸಣ್ಣ ಕೊಳ, ಸುತ್ತ ತ್ವಾಟ. ನೀರಾಗ ಕೈ ಇಟ್ರ ಬೆಚ್ಚಗಂದ್ರ ಬೆಚ್ಚಗ ಅಷ್ಟ. ಅಲ್ಲಿ ಹುಲ್ಲಿನ ಹೊರಿ ಇಳಿಸಿ ಕುಂತಿದ್ದ ವಯಸ್ಸಾದ ಒಬ್ಬಾಕಿ ತಾವೇ ಮಾತಿಗಿಳಿದ್ರು. “ಮೊದಲು ಹೀಗೆ ಇರ್ಲಿಲ್ಲ ಮಾರಾಯ್ರೆ, ಒಳ್ಳೆ ಬಿಸಿ ಇತ್ತು, ನೀರೂ ತುಂಬ ಇತ್ತು” ಅಂದ್ರು. ಯಾವಾಗಿಂದ ಕಡಿಮಿ ಆತ್ರೀ ಅಮ್ಮಾ ಅಂದೆ. “ಅದೆಲ್ಲ ಯಾರು ಬರೆದಿಟ್ಟಿದ್ದಾರೆ? ನಮಗೆ ಕೈಗೆ ಗೊತ್ತಾಗ್ತದೆ, ಅಷ್ಟೆ” ಅಂದ್ರು. ಆ ಮಾತು ನನ್ನ ಮನಸಿನ್ಯಾಗ ಕುಂತುಬಿಟ್ಟೈತಿ. ಈ ಬರಹಕ್ಕ ಅದೇ ಕಾರಣ.

ಸುತ್ತಲಿನ ತ್ವಾಟಗಳಾಗ ಬೋರ್‌ವೆಲ್ ಹೆಚ್ಚಾದಂಗ ಕೊಳದ ನೀರು ಕಡಿಮಿ ಆತು ಅನ್ನೋ ಮಾತು ಆ ಕಡೆ ಜನರ ಬಾಯಾಗೂ ಐತಿ, ಪೇಪರಿನ್ಯಾಗೂ ಬಂದೈತಿ. ಇದು ಆಗಬಾರದ್ದೇನಲ್ಲ. ಬುಗ್ಗಿ ಅಂದ್ರ ತುಂಬಿದ ಕೊಡದ ತುಟಿಯಿಂದ ಚೆಲ್ಲೋ ನೀರು ಇದ್ದಂಗ. ಕೊಡದ ತೆಳಗ ಹತ್ತು ತೂತು ಹಾಕಿದ್ರ ತುಟಿ ತನಕ ನೀರು ಏರೋದ್ಹೆಂಗ? ಇನ್ನೊಂದು ಏನಂದ್ರ ಒತ್ತಡ ಕಡಿಮಿ ಆದಂಗ ಮ್ಯಾಲಿನ ತಣ್ಣೀರು ಬಿರುಕಿನ್ಯಾಗ ಇಳಿದು ಬಿಸಿನೀರಿಗೆ ಕೂಡ್ತೈತಿ. ನೀರಿನ ಜೊತಿಗೆ ಬಿಸಿನೂ ಹೋಗ್ತೈತಿ. ಆದ್ರ ಎಷ್ಟು ಬೋರಿಗೆ ಎಷ್ಟು ಕಡಿಮಿ ಆತು ಅಂತ ಊರಿನೋರು ಮುಂದಿಟ್ಟು ತೋರಿಸಾಕ ವರ್ಷವರ್ಷದ ಲೆಕ್ಕ ಬೇಕಲ್ಲ. ಲೆಕ್ಕ ಇಲ್ಲಂದ್ರ ತ್ವಾಟದೋರು ‘ನಮ್ಮ ಬೋರಿನಿಂದಲ್ಲ’ ಅಂತಾರ, ಗುಡಿಯೋರು ‘ಜನರ ಪಾಪದಿಂದ’ ಅಂತಾರ, ಮಾತು ಅಲ್ಲಿಗೇ ನಿಲ್ತೈತಿ.

ತ್ವಾಟದೋರನ್ನ ಬೈಯೋದು ಸುಲಭ, ನಾ ಬೈಯಂಗಿಲ್ಲ. ಅಡಕಿ ಅವರ ಅನ್ನ. 1973ರಾಗ ಮಂಗಳೂರಾಗ ಕ್ಯಾಂಪ್ಕೊ ಸಂಘ ಹುಟ್ಟಿದ್ದೇ ಅಡಕಿ ರೇಟು ಬಿದ್ದು ರೈತರು ಮುಳುಗಬಾರದಂತ. ನಾವೇನು ಕಡಿಮಿ ಇದ್ದೀವಿ? ತುಂಗಭದ್ರಾ ಎಡದಂಡಿ ಕಾಲಿವಿ ನೀರು ಬಂದ ಮ್ಯಾಲ ನಮ್ಮ ಮಾನ್ವಿ, ಸಿಂಧನೂರು ಕಡೆ ಜ್ವಾಳದ ಹೊಲ ಬಿಟ್ಟು ಭತ್ತದ ಗದ್ದಿ ಮಾಡಿದ್ವಿ. ಮ್ಯಾಲಿನೋರು ಭತ್ತಕ್ಕ ನಿಲ್ಲಿಸ್ಕೊಂಡ್ರ ಕೊನೀ ಭಾಗಕ್ಕ ನೀರು ಮುಟ್ಟಂಗಿಲ್ಲ ಅಂತ ಪ್ರತಿ ವರ್ಷ ಜಗಳ. ನೀರು ಕಂಡಲ್ಲಿ ಮನಿಷ ಹೆಚ್ಚು ನೀರಿನ ಬೆಳಿನೇ ಹಾಕ್ತಾನ. ಅದಕ್ಕೇ ಪುಣ್ಯ ಪಾಪದ ಮಾತು ಬಿಟ್ಟು ಅಳತಿ ಮಾತಾಡಬೇಕು ಅಂತೀನಿ.

ಕಾಯ್ದೆ ಇಲ್ಲ ಅಂತಲ್ಲ. 1999ರಾಗ ನಮ್ಮ ರಾಜ್ಯದಾಗ ಒಂದು ಅಂತರ್ಜಲ ಕಾಯ್ದೆ ಬಂತು. ಊರಿಗೆಲ್ಲಾ ಕುಡಿಯೋ ನೀರು ಕೊಡೋ ಬಾವಿ, ಬೋರಿನ 500 ಮೀಟರ್ ಒಳಗ ಅನುಮತಿ ಇಲ್ಲದ ಹೊಸ ಬಾವಿ ತೋಡಂಗಿಲ್ಲ ಅಂತ ಅದರಾಗ ಐತಿ. 2011ರಾಗ ಇನ್ನೊಂದು ಕಾಯ್ದೆ ಬಂತು, ಬೋರು ನೋಂದಣಿ ಮಾಡಿಸಬೇಕು ಅಂತ. ಒಳ್ಳೇದೇ. ಆದ್ರ 1999ರ ಕಾಯ್ದೆ ಇರೋದು ಕುಡಿಯೋ ನೀರಿಗೆ. ಬಿಸಿನೀರಿನ ಬುಗ್ಗಿ ನೀರನ್ನ ಯಾರೂ ಕೊಡ ತುಂಬಿ ಮನಿಗೆ ಒಯ್ಯಂಗಿಲ್ಲ, ಜಳಕಾ ಮಾಡ್ತಾರ, ಕೈ ಮುಗೀತಾರ. ಹಂಗಾಗಿ ಆ ಕೊಳಕ್ಕ ಈ 500 ಮೀಟರಿನ ಕಾವಲು ಇಲ್ಲ. ನನ್ನ ಅಭಿಪ್ರಾಯ ಏನಂದ್ರ, ತಾನಾಗೇ ಉಕ್ಕೋ ಯಾವ ಸೆಲಿ ಇರ್ಲಿ, ತಣ್ಣೀರಿಂದೋ ಬಿಸಿನೀರಿಂದೋ, ಅದಕ್ಕೂ ಅಷ್ಟೇ ಕಾವಲು ಬೇಕು. ಈಗಿರೋ ಬೋರು ಮುಚ್ಚಿಸ್ರಿ ಅಂತ ನಾ ಹೇಳಂಗಿಲ್ಲ. ಹೊಸಾದ್ದು ಹಾಕೋ ಮುಂಚೆ ಗ್ರಾಮಸಭಾದಾಗ ಒಂದು ಮಾತು ಕೇಳ್ರಿ, ಸುರಂಗ, ಕಟ್ಟಕ್ಕ ಸರ್ಕಾರದ ದುಡ್ಡು ಕೊಡ್ರಿ ಅಂತ ಹೇಳ್ತೀನಿ.

ಕೆಲವರು ಬ್ಯಾರೆ ದಾರಿ ಹೇಳ್ತಾರ. ರೆಸಾರ್ಟ್ ಮಾಡ್ರಿ, ಪ್ರವಾಸಿಗರು ಬರ್ತಾರ, ಊರಿಗೆ ರೊಕ್ಕ ಬರ್ತೈತಿ ಅಂತ. ಊರಿಗೆ ನಾಕು ಕಾಸು ಬರೋದು ಬ್ಯಾಡ ಅಂತ ಯಾರಂತಾರ? ಆದ್ರ ರೆಸಾರ್ಟಿಗೆ ನೀರು ಎಲ್ಲಿಂದ? ಅದಕ್ಕೂ ಬೋರೇ ಹಾಕ್ತಾರ. ಬುಗ್ಗಿ ನೋಡಾಕ ಬಂದೋರ ಜಳಕಾಕ್ಕ ಬುಗ್ಗಿ ನೀರೇ ಹೀರಿದಂಗ. ಬರೋ ಜನಕ್ಕ ಬೇಕಾದ್ದು ಅರಿವಿ ಬದಲಿಸಾಕ ಬಾಗಲಿರೋ ಒಂದು ಖೋಲಿ, ಶೌಚಾಲಯ, ಕೊಳದಾಗ ಸಬೂನು ಹಾಕಬ್ಯಾಡ್ರಿ ಅಂತ ಒಂದು ಬೋರ್ಡು. ಹೆಣ್ಮಕ್ಕಳಾಗಿ ನಾವು ಯಾವ ತೀರ್ಥಕ್ಕ ಹೋದ್ರೂ ಮೊದಲು ಹುಡುಕೋದು ಇದನ್ನೇ.

ಇನ್ನ ನಮ್ಮೂರ ಮಾತಿಗೆ ಬರ್ತೀನಿ. ಅಲ್ಲಿ ಖನಿಜದ ನೀರು ಮೈಗೆ ಔಷಧ ಅಂತಾರ, ನಮ್ಮ ಕಡೆ ಖನಿಜದ ನೀರು ಹಲ್ಲಿಗೆ ಕಂದು ಪಟ್ಟಿ ತರ್ತೈತಿ. ಕುಡಿಯೋ ನೀರಾಗ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬ್ಯಾರೆ ನೀರೇ ಇಲ್ಲಂದ್ರ 1.5 ತನಕ ನಡೀತೈತಿ ಅಂತ ಸರ್ಕಾರದ ಅಳತಿ. ರಾಯಚೂರು ಜಿಲ್ಲಾದ ಎಷ್ಟೋ ಹಳ್ಳಿ ಬೋರು ಇದನ್ನ ದಾಟ್ಯಾವ. ಹಟ್ಟಿ ಸುತ್ತಮುತ್ತ, ಸುರಪುರ ಕಡೆ ಕೆಲವು ಬೋರಿನ ನೀರಾಗ ಆರ್ಸೆನಿಕ್ ಸಿಕ್ಕೈತಿ. ಬೋರು ಆಳ ಹೋದಂಗ ನೀರು ಕಲ್ಲಿನ ಜೊತಿ ಹೆಚ್ಚು ಕಾಲ ಇದ್ದಿರ್ತೈತಿ, ಕಲ್ಲಿನ್ಯಾಗಿದ್ದದ್ದು ನೀರಿಗೆ ಇಳೀತೈತಿ. ಇರ್ದೆಯ ಗಂಧಕ ಬಂದದ್ದೂ ಹಿಂಗೇ, ನಮ್ಮ ಫ್ಲೋರೈಡ್ ಬಂದದ್ದೂ ಹಿಂಗೇ.

ಮೂವತ್ತು ವರ್ಷದ ಹಿಂದ ನಾ ಈ ಊರಿಗೆ ಸೊಸಿಯಾಗಿ ಬಂದಾಗ ನಮ್ಮತ್ತಿ ಮೊದಲು ಕಲಿಸಿದ್ದು ಯಾವ ಬಾವಿ ನೀರು ಯಾತಕ್ಕ ಅಂತ. ಒಂದು ಬಾವಿ ನೀರಾಗ ತೊಗರಿ ಬ್ಯಾಳಿ ಎರಡು ಕುದಿಗೆ ಬೇಯ್ತಿತ್ತು, ಅದು ಅಡಿಗಿಗೆ, ಕುಡಿಯಾಕ. ಇನ್ನೊಂದರ ನೀರು ಸೌಳು, ಸಬೂನು ನೊರಿ ಬರ್ತಿದ್ದಿಲ್ಲ, ಗುಂಡಿಗೆ ಬಿಳೀ ಸುಣ್ಣ ಹಿಡೀತಿತ್ತು, ಅದು ದನಕ್ಕ, ನೆಲಕ್ಕ. ಯಾವ ತಿಂಗಳದಾಗ ಹಳ್ಳದಾಗ ವರ್ತಿ ತೋಡಿದ್ರ ಸಿಹಿನೀರು ಸಿಗ್ತೈತಿ ಅಂತ ಅವರಿಗೆ ಗೊತ್ತಿತ್ತು. ಇದು ಲ್ಯಾಬೊರೇಟರಿ ವಿದ್ಯೆನೇ ಅಲ್ಲೇನ್ರಿ? ಸಬೂನು ನೊರಿ ಬರಂಗಿಲ್ಲ ಅಂದ್ರ ನೀರು ಗಡಸು ಅಂತ ನಾನೂ ಪಿಯುಸಿಯಾಗ ಓದಿದ್ದೆ. ನಮ್ಮತ್ತಿ ಸಾಲಿಗೇ ಹೋದಾಕಿ ಅಲ್ಲ. ಅತ್ತಿ ತೀರ್ಕೊಂಡ್ರು, ನಲ್ಲಿ ಬಂತು, ಕ್ಯಾನು ಬಂತು. ಒಂದು ಬಾವಿಯಾಗ ಕಸ ತುಂಬೈತಿ. ನನ್ನ ಸೊಸಿಗೆ ಆ ಬಾವಿ ನೀರಿನ ರುಚಿ ಗೊತ್ತಿಲ್ಲ, ಮೊಮ್ಮಕ್ಕಳಿಗೆ ಅಲ್ಲಿ ಬಾವಿ ಇದ್ದದ್ದೂ ಗೊತ್ತಿಲ್ಲ. ನಾಳೆ ಯಾರರ ಆ ಜಾಗದಾಗ ಶೆಡ್ಡು ಹಾಕಿದ್ರ ಇಲ್ಲಿ ಸಿಹಿನೀರಿತ್ತು ಅಂತ ಹೇಳಾಕ ಒಂದು ಸಾಲು ಬರದದ್ದಿಲ್ಲ.

ಕೆಲಸ ದೊಡ್ಡದೇನಲ್ಲ. ಜಲ ಜೀವನ್ ಮಿಷನ್ 2019ರಾಗ ಶುರುವಾತು. ಪ್ರತಿ ಹಳ್ಳಿಗೆ ಐದು ಮಂದಿ ಹೆಣ್ಮಕ್ಕಳಿಗೆ ಕಿಟ್ ಕೊಟ್ಟು ನೀರು ಪರೀಕ್ಷೆ ಮಾಡೋದು ಕಲಿಸಬೇಕು ಅಂತ ಅದರಾಗೇ ಐತಿ. ನಮ್ಮ ರಾಜ್ಯದ ಪಂಚಾಯ್ತಿಗಳಾಗ ಅರ್ಧ ಸೀಟು ಹೆಣ್ಮಕ್ಕಳದ್ದು. ಇವರಿಬ್ಬರ ಕೈಯಾಗ ಒಂದು ದಪ್ಪ ನೋಟ್‌ಬುಕ್ ಕೊಡ್ರಿ. ಊರಾಗಿನ ಪ್ರತಿ ಬಾವಿ, ಬೋರು, ಸೆಲಿಗೆ ಒಂದೊಂದು ಹಾಳಿ. ವರ್ಷಕ್ಕ ಎರಡು ಸಲ, ಯುಗಾದಿ ಮುಂದ ಒಮ್ಮೆ, ದೀಪಾವಳಿ ಮುಂದ ಒಮ್ಮೆ, ನೀರಿನ ಮಟ್ಟ ಹಗ್ಗ ಬಿಟ್ಟು ಅಳದು ಬರೀರಿ. ಕಿಟ್‌ನಿಂದ ಫ್ಲೋರೈಡ್ ನೋಡಿ ಬರೀರಿ. ಇರ್ದೆಯಂಥ ಊರಾಗ ಒಂದು ಥರ್ಮಾಮೀಟರ್ ಬಿಟ್ಟು ಬಿಸಿ ಎಷ್ಟಂತ ಬರೀರಿ. ಹೊಸ ಬೋರು ಬಿದ್ದ ದಿನ ತಾರೀಖು ಹಾಕ್ರಿ. ಹತ್ತು ವರ್ಷಕ್ಕ ಆ ನೋಟ್‌ಬುಕ್ ಯಾವ ತಾಮ್ರಪಟಕ್ಕೂ ಕಡಿಮಿ ಇರಂಗಿಲ್ಲ. ಅದನ್ನ ಮುಂದಿಟ್ಕೊಂಡು ತಹಶೀಲ್ದಾರ್ ಆಫೀಸಿನ್ಯಾಗ ಕುಂತ್ರ ‘ಪಾಪದಿಂದ ಬತ್ತೈತಿ’ ಅಂತ ಯಾರೂ ಹಾರಿಕಿ ಉತ್ತರ ಕೊಡಾಕ ಆಗಂಗಿಲ್ಲ.

ಆಫೀಸಿನೋರು ಬಂದು ಮಾಡ್ತಾರ ಅಂತ ಕಾಯೋದು ಬ್ಯಾಡ ಅಕ್ಕತಂಗೇರ. ಈ ವಾರ ನಿಮ್ಮ ಓಣ್ಯಾಗಿನ ಎಲ್ಲಾರಿಗಿಂತ ಹಿರೇ ಮುತ್ತವ್ವನ್ನ ಮಾತಾಡಿಸ್ರಿ. ನಾಕೇ ಪ್ರಶ್ನೆ ಕೇಳ್ರಿ: ಯಾವ ನೀರಾಗ ಬ್ಯಾಳಿ ಬೇಯ್ತಿತ್ತು, ಯಾವ ಬಾವಿ ಯಾವ ಬರಗಾಲದಾಗೂ ಬತ್ತಲಿಲ್ಲ, ಅದು ಬತ್ತಿದ್ದು ಯಾವ ವರ್ಷ, ಆ ವರ್ಷ ಮಗ್ಗಲಿಗೆ ಏನು ಹೊಸಾದ್ದು ಬಂತು. ವರ್ಷ ನೆನಪಿಲ್ಲಂದ್ರ ‘ದೊಡ್ಡ ಮಗನ ಮದಿವಿ ಆದ ವರ್ಷ’ ಅಂತ ಹೇಳ್ತಾರ, ಅದನ್ನೇ ಬರ್ಕೊಳ್ರಿ, ಆಮ್ಯಾಲ ಲೆಕ್ಕ ಕೂಡ್ತೈತಿ. ಬರದದ್ದಕ್ಕ ಊರಿನ ಹೆಸರು, ತಾರೀಖು ಹಾಕಿ, ಒಂದು ಪ್ರತಿ ಪಂಚಾಯ್ತಿಗೆ ಕೊಟ್ಟು ಸಹಿ ತಗೋಳ್ರಿ. ನಾ ನಮ್ಮ ಓಣ್ಯಾಗ ಶುರು ಮಾಡೀನಿ, ಮೂರು ಬಾವಿ ಆಗ್ಯಾವ.